ತಾರಸಿ ತೋಟವೂ ನಿರ್ಮಾಲ್ಯದ ಡ್ರಮ್ಮೂ

ಸೊಪ್ಪು ಬೆಳೆಯುವುದು ಬಹಳ ಸುಲಭ. ಬೀಜ ಹಾಕಬೇಕು, ಕಾಯಬೇಕು, ಕಿತ್ತುಕೊಂಡು ತಿನ್ನಬೇಕು. ಹೀಗೆಂದು ನಾನು ನನ್ನ ಹೆಂಡತಿ ಸುಮಿತ್ರಳಿಗೆ ವಿವರಿಸಿದಾಗ ಅವಳು ಪಾತ್ರೆ ತೊಳೆಯುತ್ತಿದ್ದಳು. ಕೈ ನಿಲ್ಲಿಸದೆ, "ಕಿತ್ತ ಮೇಲೆ ಸೋಸೋದು ಯಾರು?" ಎಂದಳು. ಇಂಥ ಸಣ್ಣಪುಟ್ಟ ಪ್ರಶ್ನೆಗಳಿಗೆ ಉತ್ತರಿಸುವ ಮನಸ್ಥಿತಿಯಲ್ಲಿ ನಾನು ಇರಲಿಲ್ಲ.

ತೊಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ಕೃಷ್ಣರಾಜಪುರದಲ್ಲಿ, ರೈಲ್ವೆ ಸ್ಟೇಷನ್ನಿನಿಂದ ಹತ್ತು ನಿಮಿಷ ನಡೆದರೆ ಸಿಗುವ ಒಂದು ಮನೆಯ ಮೊದಲ ಮಹಡಿಯಲ್ಲಿ ನಾವು ಬಾಡಿಗೆಗಿದ್ದೆವು. ಕೆಳಗೆ ಮನೆಯ ಒಡತಿ ಜಯಮ್ಮನವರು, ಮೇಲೆ ಖಾಲಿ ತಾರಸಿ. ನಾನು ಹಳೇ ಮದ್ರಾಸ್ ರಸ್ತೆಯ ಒಂದು ಕಾರ್ಖಾನೆಯಲ್ಲಿ ಸ್ಟೋರ್ಸ್ ಗುಮಾಸ್ತ. ನಮ್ಮ ಒಬ್ಬಳೇ ಮಗಳು ದೀಪಾ, ಹತ್ತು ವರ್ಷದವಳು, ಒಂದು ದಿನ ಶಾಲೆಯಲ್ಲಿ ಪ್ರಾರ್ಥನೆಗೆ ನಿಂತವಳು ತಲೆ ಸುತ್ತಿ ಕುಸಿದು ಕೂತಳು. ಡಾಕ್ಟರಮ್ಮ ಅವಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು, ರಕ್ತ ಪರೀಕ್ಷೆ ಮಾಡಿಸಿದರು.

"ಎಂಟೂವರೆ ಇದೆ. ರಕ್ತ ತುಂಬ ಕಮ್ಮಿ. ಈ ಟಾನಿಕ್ ತಪ್ಪದೆ ಕೊಡಿ, ದಿನಾ ಸೊಪ್ಪು ತಿನ್ಸಿ. ಮೂರು ತಿಂಗಳು ಬಿಟ್ಟು ಕರ್ಕೊಂಡ್ಬನ್ನಿ. ಹನ್ನೊಂದಾದ್ರೂ ಆಗಿರ್ಬೇಕು."

ನನಗೆ ನಿಜಕ್ಕೂ ಹೆದರಿಕೆಯಾಯಿತು. ಮಗಳ ಕೈ ಹಿಡಿದು ಮನೆಗೆ ನಡೆಯುವಾಗ ಆ ಕೈ ತೀರಾ ತೆಳ್ಳಗಿದೆ ಅನ್ನಿಸಿತು. ಹೆದರಿದ ಹೆಂಗಸು ಔಷಧಿ ಅಂಗಡಿಗೆ ಹೋಗುತ್ತಾಳೆ. ಹೆದರಿದ ಗಂಡಸು ಯೋಜನೆ ಹಾಕುತ್ತಾನೆ. ಸುಮಿತ್ರ ಟಾನಿಕ್ ತಂದಳು. ನಾನು ಭಾನುವಾರ ಇಂದಿರಾನಗರಕ್ಕೆ ಹೋದೆ.

ಅಲ್ಲಿ ನಮ್ಮ ಕಾರ್ಖಾನೆಯ ನಿವೃತ್ತ ಅಧಿಕಾರಿಯೊಬ್ಬರ ಮನೆ ಇತ್ತು. ಅವರ ತಾರಸಿಯ ಮೇಲೆ ಪಾಲಕ್, ಪುದೀನ, ಬದನೆ, ಟೊಮೆಟೊ ಎಲ್ಲವೂ ಸಾಲಾಗಿ ನಿಂತು ನಗುತ್ತಿದ್ದವು. "ಕೆಮಿಕಲ್ ಇಲ್ಲ ನಾಗರಾಜ್. ಅಡುಗೆಮನೆ ಕಸದಿಂದ್ಲೇ ಗೊಬ್ಬರ. ಹೆಲ್ದಿ ಫ್ಯಾಮಿಲಿ ಬೇಕು ಅಂದ್ರೆ ಮಾರ್ಕೆಟ್ ಕಡೆ ತಲೆ ಹಾಕ್ಬೇಡಿ. ಆ ಸೊಪ್ಪೆಲ್ಲ ಮೋರಿ ನೀರಲ್ಲಿ ಬೆಳೆದಿದ್ದು" ಎಂದರು. ಅವರ ಮಾಲಿ ಪೈಪು ಹಿಡಿದು ಗಿಡಗಳಿಗೆ ನೀರು ಬಿಡುತ್ತಿದ್ದ. ನಾನು ಗಿಡಗಳನ್ನು ಕಣ್ತುಂಬ ನೋಡಿದೆ. ಮಾಲಿಯನ್ನಾಗಲಿ ಪೈಪನ್ನಾಗಲಿ ನೋಡಲಿಲ್ಲ.

ಸ್ಟೋರ್ಸ್ ಗುಮಾಸ್ತನಿಗೆ ಬಾಯಿಮಾತಿನಲ್ಲಿ ನಂಬಿಕೆ ಇರುವುದಿಲ್ಲ. ಮನೆಗೆ ಬಂದವನೇ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದು ಅಡುಗೆಮನೆಯ ಬಾಗಿಲಿಗೆ ಅಂಟಿಸಿದೆ: 'ಈ ದಿನದಿಂದ ಜಾರಿಗೆ ಬರುವಂತೆ ಸದರಿ ಮನೆಯಲ್ಲಿ ಹೊರಗಿನ ಸೊಪ್ಪನ್ನು ನಿಷೇಧಿಸಲಾಗಿದೆ.' ಸುಮಿತ್ರ ಓದಿದಳು.

"ಮತ್ತೆ ನಿಮ್ಮ ಸೊಪ್ಪು ಬೆಳೆಯೋ ತನಕ ಮಗು ಏನು ತಿನ್ಬೇಕು?"

"ಸ್ವಲ್ಪ ತಾಳ್ಮೆ ಬೇಕು ಸುಮಿ."

"ಅವಳ ರಕ್ತಕ್ಕೆ ತಾಳ್ಮೆ ಇರ್ಬೇಕಲ್ಲ."

ಮರುದಿನ ಬೆಳಿಗ್ಗೆ ಹೊರಮಾವಿನ ಕಡೆಯಿಂದ ಸೊಪ್ಪು ಹೊತ್ತು ತರುವ ಮುನಿಯಮ್ಮ ಬಂದಾಗ ನಾನೇ ಕೆಳಗಿಳಿದು ಹೋಗಿ ನಿಷೇಧಾಜ್ಞೆಯನ್ನು ತಿಳಿಸಿದೆ. ಮೋರಿ ನೀರಿನ ವಿಷಯವನ್ನೂ ಹೇಳಿದೆ.

"ಮೋರಿ ನೀರು ಯಾಕಾಯ್ತದೆ ಸಾಮಿ? ನಮ್ಮ ಬಾವಿ ನೀರು. ನನ್ನ ಮೊಮ್ಮಕ್ಕಳೂ ಇದೇ ಸೊಪ್ಪು ತಿನ್ನೋದು" ಎಂದಳು. ಬುಟ್ಟಿ ತಲೆಗಿಟ್ಟುಕೊಂಡು ಎರಡು ಹೆಜ್ಜೆ ಹೋದವಳು ತಿರುಗಿ ಬಂದು, "ಮಗೀಗೆ ಉಸಾರಿಲ್ವಂತಲ್ಲ. ಇದೊಂದು ನುಗ್ಗೆ ಸೊಪ್ಪು ಮಡೀಕೊಳ್ಳಿ. ಕಾಸು ಬ್ಯಾಡ" ಎಂದು ಒಂದು ಕಟ್ಟನ್ನು ಗೇಟಿನ ಮೇಲಿಟ್ಟು ಹೋದಳು. ನನಗೆ ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ನನ್ನ ತಲೆಯಲ್ಲಿ ಆಗಲೇ ಡ್ರಮ್ಮು ಬಂದು ಕೂತಿತ್ತು.

ಗೊಬ್ಬರಕ್ಕೆ ಡ್ರಮ್ಮು ಬೇಕಲ್ಲ. ಶಿವಾಜಿನಗರದ ಗುಜರಿ ಅಂಗಡಿಯಲ್ಲಿ ಒಂದು ನೀಲಿ ಪ್ಲಾಸ್ಟಿಕ್ ಡ್ರಮ್ಮು ಸಿಕ್ಕಿತು. "ತೊಗೊಳ್ಳಿ ಸಾರ್, ಏಕ್ದಮ್ ಪಕ್ಕಾ ಮಾಲು. ನಿಮ್ದು ಮೊಮ್ಮಕ್ಕಳ ಕಾಲಕ್ಕೂ ಇರ್ತದೆ" ಎಂದು ಅಂಗಡಿಯವನು ಅದರ ಬೆನ್ನು ತಟ್ಟಿದ. ಬಸ್ಸಿನಲ್ಲಿ ಅದನ್ನು ತಬ್ಬಿಕೊಂಡು ನಿಂತು ಬಂದೆ. ಹಲಸೂರಿನಲ್ಲಿ ಹತ್ತಿದ ಮುದುಕಿಯೊಬ್ಬಳು ನನ್ನನ್ನೂ ಡ್ರಮ್ಮನ್ನೂ ನೋಡಿ, ಏನನ್ನಿಸಿತೋ, ಪಕ್ಕಕ್ಕೆ ಸರಿದು ಡ್ರಮ್ಮಿಗೆ ಜಾಗ ಮಾಡಿಕೊಟ್ಟಳು.

ಡಬ್ಬಗಳಿಗೆ ಮಣ್ಣು ತಂದುಕೊಟ್ಟವನು ಎದುರು ಮನೆಯ ಹಿಂದಿನ ಕೋಣೆಯಲ್ಲಿ ಸಂಸಾರ ಹೂಡಿದ್ದ ಶರಣಪ್ಪ. ರಾಯಚೂರು ಕಡೆಯವನು, ಗಾರೆ ಕೆಲಸ. ನಾನು ಕೇಳಿದ್ದೇ ತಡ, ಕೆಲಸ ಮಾಡುವ ಸೈಟಿನಿಂದ ಹತ್ತು ಚೀಲ ಮಣ್ಣು ತಂದು ಮೇಲೆ ಸುರಿದ. ಬಣ್ಣದ ಡಬ್ಬ, ಎಣ್ಣೆ ಟಿನ್ನು, ಒಡೆದ ಬಕೆಟ್ಟು ಎಲ್ಲಕ್ಕೂ ತುಂಬಿ ದಂಟು, ಮೆಂತ್ಯ, ಪಾಲಕ್ ಬೀಜ ಚೆಲ್ಲಿ, ಒಂದು ಬಸಳೆ ಕಡ್ಡಿ ಊರಿದೆವು. ಒಂದು ವಾರ ನೀರು ಬಿದ್ದ ಮೇಲೆ ನಾಲ್ಕು ಡಬ್ಬದ ಮಣ್ಣು ಕಲ್ಲಾಯಿತು. ಸೈಟಿನ ಮಣ್ಣು, ಅದರಲ್ಲಿ ಅರ್ಧ ಸಿಮೆಂಟು. ಶರಣಪ್ಪ ಬೆರಳಿನಿಂದ ಕುಟ್ಟಿ ನೋಡಿ ಮೆಚ್ಚಿಕೊಂಡ.

"ಕ್ಯೂರಿಂಗ್ ಭಾಳ ಚಲೋ ಆಗೇದ್ರಿ ಸಾಹೇಬ್ರ."

ಇನ್ನು ಡ್ರಮ್ಮಿಗೆ ಜಯಮ್ಮನವರ ಅನುಮತಿ. ತಾರಸಿ ಅವರದು. ಕಸ ಕೊಳೆಸುವ ಡ್ರಮ್ಮು ಅಂದ ಕೂಡಲೇ ಅವರ ಮುಖ ಸಿಂಡರಿಸಿಕೊಂಡಿತು. "ನನ್ನ ಮನೆ ತಲೆ ಮೇಲೆ ಕಸ ಇಡ್ತೀರಾ? ನಾಳೆ ವಾಸನೆ, ಹುಳ, ನೊಣ..." ಎಂದು ಆರಂಭಿಸಿದರು. ಆಗ ನನ್ನ ಬಾಯಿಂದ ಆ ಮಾತು ಬಂತು. ಯಾಕೆ ಬಂತೋ ದೇವರಿಗೇ ಗೊತ್ತು.

"ಬರೀ ಕಸ ಅಲ್ಲಮ್ಮ. ನೀವು ದಿನಾ ದೇವರಿಂದ ತೆಗೆಯೋ ಹೂವು ಕೂಡ ಇದರಲ್ಲಿ ಹಾಕ್ಬಹುದು. ಯಾರೂ ತುಳಿಯಲ್ಲ. ಹಾಗೇ ಮಣ್ಣಾಗತ್ತೆ."

ಜಯಮ್ಮನವರ ಮುಖ ಹುಣ್ಣಿಮೆಯಾಯಿತು. ನಮ್ಮಲ್ಲಿ ದೇವರಿಗೆ ಏರಿಸಿ ತೆಗೆದ ಹೂವನ್ನು, ಅಂದರೆ ನಿರ್ಮಾಲ್ಯವನ್ನು, ಕಸದ ಬುಟ್ಟಿಗೆ ಹಾಕುವಂತಿಲ್ಲ, ಯಾರ ಕಾಲಿಗೂ ಸಿಗುವಂತಿಲ್ಲ. ಹಿಂದೆ ಜನ ಬಾವಿಗೋ ಕೆರೆಗೋ ಹಾಕುತ್ತಿದ್ದರು. ನಮ್ಮ ಬೀದಿಯ ಬಾವಿಯನ್ನು ಮುಚ್ಚಿಯಾಗಿತ್ತು, ಕೆರೆಯಲ್ಲಿ ನೀರಿರಲಿಲ್ಲ. ಇಡೀ ಬೀದಿಯ ಹೆಂಗಸರು ಒಣಗಿದ ಹೂವಿನ ಚೀಲಗಳನ್ನು ಗೋಡೆಯ ಮೊಳೆಗೆ ನೇತುಹಾಕಿಕೊಂಡು, ಇದನ್ನು ಎಲ್ಲಿಗೆ ಸಾಗಿಸುವುದಪ್ಪ ಎಂಬ ಚಿಂತೆಯಲ್ಲಿದ್ದರು. ನಾನು ಆ ಚಿಂತೆಗೆ ಪರಿಹಾರವಾಗಿ ಅವತರಿಸಿದ್ದೆ.

"ಒಳ್ಳೇ ಕೆಲಸ ಮಾಡಿದ್ರಿ ನಾಗರಾಜ್. ಆದ್ರೆ ಒಂದು ಮಾತು. ದೇವರ ಹೂವು ಹಾಕೋ ಕಡೆ ಈರುಳ್ಳಿ ಸಿಪ್ಪೆ, ಮೊಟ್ಟೆ ಓಡು ಹಾಕ್ಬೇಡಿ" ಎಂದರು ಜಯಮ್ಮ.

ಹೀಗೆ ಅಡುಗೆಮನೆ ಕಸಕ್ಕೆಂದು ತಂದ ಡ್ರಮ್ಮಿಗೆ ಅಡುಗೆಮನೆ ಕಸ ನಿಷಿದ್ಧವಾಯಿತು.

ಶ್ರಾವಣ ಬಂತು, ಬೆನ್ನಿಗೇ ಭಾದ್ರಪದ. ಶನಿವಾರ, ಶುಕ್ರವಾರ, ವರಮಹಾಲಕ್ಷ್ಮಿ, ಗೌರಿ, ಗಣೇಶ. ಜಯಮ್ಮನವರು ಬೀದಿಗೆಲ್ಲ ಸುದ್ದಿ ಹಬ್ಬಿಸಿದ್ದರು. ಬೆಳಿಗ್ಗೆ ನಾನು ಹಲ್ಲುಜ್ಜುತ್ತಾ ಬಾಗಿಲು ತೆಗೆದರೆ ಮೆಟ್ಟಿಲ ಮೇಲೆ ಹೆಂಗಸರ ಸಾಲು. ಸೇವಂತಿಗೆ, ಕನಕಾಂಬರ, ಬಾಡಿದ ತುಳಸಿ, ಬಾಳೆಕಂದು, ಹೋದ ವರ್ಷದ ಮಾವಿನ ತೋರಣ. ಹೂವಿನ ಹಿಂದೆ ಬೇರೆ ಸಾಮಾನೂ ಬಂತು. ಗಾಜು ಒಡೆದ ದೇವರ ಪಟಗಳು, ಬಣ್ಣ ಹೋದ ಲಕ್ಷ್ಮಿ ಕ್ಯಾಲೆಂಡರುಗಳು, ಹಳೆಯ ಜನಿವಾರಗಳು. ಕೊನೆಗೆ ಕೆರೆಯಲ್ಲಿ ಮುಳುಗಲು ನೀರಿಲ್ಲದೆ ವಾಪಸ್ಸು ಬಂದ ಮೂರು ಮಣ್ಣಿನ ಗಣಪತಿಗಳು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದರಂತೆ. ನಾನು ಗೊಬ್ಬರ ಮಾಡಲು ಹೋಗಿ ಇಬ್ಬರನ್ನೂ ಕುಟುಂಬ ಸಮೇತ ತಾರಸಿಗೆ ತಂದು ಕೂರಿಸಿದ್ದೆ.

ಜಯಮ್ಮ ಒಂದು ಶುಕ್ರವಾರ ಡ್ರಮ್ಮಿಗೆ ಅರಿಶಿನ ಕುಂಕುಮ ಹಚ್ಚಿದರು. ಮುಂದಿನ ಶುಕ್ರವಾರ ಅದರ ಮುಂದೆ ರಂಗೋಲಿ ಬಂತು, ಪಕ್ಕದಲ್ಲಿ ನನ್ನ ಕೈಯಿಂದಲೇ ಒಂದು ತುಳಸಿ ನೆಡಿಸಿದರು. ಆಮೇಲೆ ತಾರಸಿಗೆ ಚಪ್ಪಲಿ ನಿಷೇಧ. ನನ್ನ ಮನೆಯ ಬಾಗಿಲಿಗೆ ಮಾತ್ರ ಆಜ್ಞೆ ಹೊರಡಿಸಬಲ್ಲವನು ನಾನು. ಇಡೀ ಬೀದಿಗೇ ಆಜ್ಞೆ ಹೊರಡಿಸಬಲ್ಲವರು ಅವರು.

ಇದೆಲ್ಲದರ ನಡುವೆ ಸೊಪ್ಪು ಏನಾಯಿತು ಎಂದು ನೀವು ಕೇಳಬಹುದು. ಸುಮಿತ್ರಳೂ ಕೇಳಿದಳು. ದಂಟು ದಾರದಷ್ಟು ದಪ್ಪ ಬಂದಿತ್ತು. ಮೆಂತ್ಯವನ್ನು ಪಾರಿವಾಳಗಳು ತಿಂದವು. ಪಾಲಕ್ ಹುಟ್ಟಲೇ ಇಲ್ಲ. ಬಸಳೆಯೊಂದು ಮಾತ್ರ ಬಳ್ಳಿ ಬಿಟ್ಟಿತ್ತು. ಮೊದಲ ಫಸಲನ್ನು ನಾನೇ ಕಿತ್ತು, ಮಡಿಲಲ್ಲಿ ಹಾಕಿಕೊಂಡು, ಮಗಳ ಕೈಯಲ್ಲಿ ಮುಟ್ಟಿಸಿ ಅಡುಗೆಮನೆಗೆ ಒಪ್ಪಿಸಿದೆ. ಬೆಂದ ಮೇಲೆ ಅದು ಎರಡು ಚಮಚ ಆಯಿತು.

ಆದರೂ ದೀಪಾಳ ತಟ್ಟೆಯಲ್ಲಿ ದಿನವೂ ಸೊಪ್ಪಿನ ಪಲ್ಯ ಇರುತ್ತಿತ್ತು. ನನ್ನ ತಟ್ಟೆಯಲ್ಲೂ. ಕೆಲವು ದಿನ ಅದನ್ನು ತಾರಸಿಯ ಪವಾಡ ಎಂದೇ ನಂಬಿಕೊಂಡು ಉಂಡೆ. ಒಂದು ಬೆಳಿಗ್ಗೆ ಬಸ್ಸು ತಪ್ಪಿ ವಾಪಸ್ಸು ಬಂದಾಗ ಹಿತ್ತಲಿನ ಗೇಟಿನಲ್ಲಿ ಮುನಿಯಮ್ಮ ಬುಟ್ಟಿ ಇಳಿಸಿ ಕೂತಿದ್ದಳು, ಸುಮಿತ್ರ ಹರಿವೆ ಆರಿಸುತ್ತಿದ್ದಳು. ಮೂವರೂ ಒಬ್ಬರನ್ನೊಬ್ಬರು ನೋಡಿದೆವು. ನಾನು ಸದ್ದಿಲ್ಲದೆ ಹೋಗಿ ಮುಂದಿನ ಬಸ್ಸು ಹಿಡಿದೆ. ಬಾಗಿಲ ಮೇಲಿನ ನಿಷೇಧಾಜ್ಞೆ ಮಾತ್ರ ಹಾಗೇ ಇತ್ತು. ಅದನ್ನು ಕಿತ್ತುಹಾಕಿದರೆ ಸೋತ ಹಾಗಲ್ಲವೇ?

ಈಗ ನೀರಿನ ವಿಷಯ. ಆ ವರ್ಷ ಮಳೆ ಕೈಕೊಟ್ಟಿತ್ತು. ಟ್ಯಾಂಕಿನ ನೀರು ಮನೆ ಬಳಕೆಗೆ ಮಾತ್ರ ಎಂಬುದು ಜಯಮ್ಮನವರ ಕಟ್ಟಪ್ಪಣೆ. ಆದ್ದರಿಂದ ಗಿಡಗಳಿಗೆ ರಸ್ತೆಯ ಮೂಲೆಯ ಬೋರ್‌ವೆಲ್ಲಿನಲ್ಲಿ ಪಂಪು ಹೊಡೆದು, ಕೊಡ ತುಂಬಿ, ಎರಡು ಮಹಡಿ ಹತ್ತಿಸಬೇಕಿತ್ತು. ನಾನು ಬೆಳಿಗ್ಗೆ ಆರಕ್ಕೆ ಹೊರಟರೆ ಸಂಜೆ ಆರಕ್ಕೆ ಬರುವವನು. ಬರುವಷ್ಟರಲ್ಲಿ ಡಬ್ಬಗಳೆಲ್ಲ ಒದ್ದೆಯಾಗಿರುತ್ತಿದ್ದವು. ನಾನು ಕೈ ಹಿಂದೆ ಕಟ್ಟಿಕೊಂಡು ತೋಟ ಪರಿಶೀಲಿಸಿ, "ಇದಕ್ಕೆ ಇನ್ನೊಂದು ಚೊಂಬು ಬೇಕಿತ್ತು" ಎಂದು ಷರಾ ಬರೆಯುತ್ತಿದ್ದೆ. ಮೂರು ಗಣಪತಿಗಳನ್ನು ದೊಡ್ಡ ಟಬ್ಬಿನಲ್ಲಿ ವಿಸರ್ಜಿಸಿದ ದಿನ ಆರು ಕೊಡ ಹೆಚ್ಚು ಬೇಕಾಯಿತು. ಅದೂ ಬಂತು.

ತಾರಸಿ ಪವಿತ್ರವಾದ ಮೇಲೆ ತಿಂಗಳಲ್ಲಿ ಮೂರು ದಿನ ಸುಮಿತ್ರ ಅಲ್ಲಿಗೆ ಕಾಲಿಡಕೂಡದು ಎಂದು ಜಯಮ್ಮ ಹೇಳಿದ್ದರು. ಆ ಮೂರು ದಿನ ನೀರು ಹೊರುವ ಭಾರ ನನ್ನ ಮೇಲೆ ಬಿತ್ತು. ಮೊದಲ ದಿನ ಐದು ಕೊಡ ಹೊತ್ತೆ. ಎರಡನೆಯ ದಿನ ಎರಡು. ಮೂರನೆಯ ದಿನ ಗಿಡಗಳಿಗೂ ಆಗೊಮ್ಮೆ ಈಗೊಮ್ಮೆ ಉಪವಾಸ ಒಳ್ಳೆಯದೆಂದು ಎಲ್ಲೋ ಓದಿದ ನೆನಪಾಯಿತು. ನಾಲ್ಕನೆಯ ದಿನ ಸುಮಿತ್ರ ಮತ್ತೆ ಕೊಡ ಎತ್ತಿಕೊಂಡಳು. ನಾನು ಸೊಂಟಕ್ಕೆ ನೋವಿನ ಎಣ್ಣೆ ಹಚ್ಚಿಸಿಕೊಂಡೆ. ಹಚ್ಚಿದವಳೂ ಅವಳೇ.

ಎರಡು ತಿಂಗಳಾಗುವ ಹೊತ್ತಿಗೆ ಡ್ರಮ್ಮಿನ ತಳದಲ್ಲಿ ಗೊಬ್ಬರ ಸಿದ್ಧವಾಯಿತು. ಕಪ್ಪಗೆ, ಪುಡಿಪುಡಿಯಾಗಿ, ಮಳೆ ಬಿದ್ದ ಮಣ್ಣಿನ ವಾಸನೆ. ನನ್ನ ಕಣ್ಣು ಒದ್ದೆಯಾಯಿತು. ಬೊಗಸೆಯಲ್ಲಿ ತುಂಬಿಕೊಂಡು ಬಸಳೆಯ ಬುಡಕ್ಕೆ ಹಾಕಲು ಬಗ್ಗಿದೆ.

"ನಿಲ್ಲಿ ನಾಗರಾಜ್. ದೇವರ ಹೂವಿನ ಮಣ್ಣನ್ನ ಬಸಳೆಗೆ ಹಾಕ್ತೀರಾ?" ಜಯಮ್ಮ ಮೆಟ್ಟಿಲ ಬಾಗಿಲಲ್ಲಿ ನಿಂತಿದ್ದರು. "ನೀವು ಆ ಬಸಳೆಗೆ ಬೆಳ್ಳುಳ್ಳಿ ಒಗ್ಗರಣೆ ಹಾಕೋರು. ಭಾನುವಾರ ಮೊಟ್ಟೆ ಜೊತೆ ತಿನ್ನೋರು. ತುಳಸಿಗೆ ಹಾಕಿ, ಬೇಡ ಅನ್ನಲ್ಲ."

"ಗೊಬ್ಬರ ಮಾಡಿದ್ದೇ ಸೊಪ್ಪಿಗಲ್ವೇನಮ್ಮ?"

"ಮಾಡಿದ್ದು ನೀವಲ್ಲಪ್ಪ. ದೇವರು ಮಾಡಿದ್ದು."

ದೇವರು ವರ ಕೊಟ್ಟರೂ ಪೂಜಾರಿ ವರ ಕೊಡ ಎನ್ನುತ್ತಾರಲ್ಲ, ಹಾಗಾಯಿತು. ಡ್ರಮ್ಮಿನ ಗೊಬ್ಬರವೆಲ್ಲ ತುಳಸಿಗೆ ಹೋಯಿತು. ತುಳಸಿ ನನ್ನ ಎದೆಮಟ್ಟ ಬೆಳೆಯಿತು. ಎರಡು ಚಮಚದ ಫಸಲು ಒಂದು ಚಮಚಕ್ಕಿಳಿಯಿತು. ಒಂದು ಸಂಜೆ ನಾನು ಬಸಳೆಯ ಹಂಬನ್ನು ಕೋಲಿಗೆ ಕಟ್ಟುತ್ತಿದ್ದಾಗ ಸುಮಿತ್ರ ಕೊನೆಯ ಕೊಡ ಇಳಿಸಿ ಕಟ್ಟೆಯ ಮೇಲೆ ಕೂತು, "ಮೆಟ್ಲು ಹತ್ತೋವಾಗ ಕಣ್ಣು ಕತ್ತಲೆ ಬರತ್ತೆ ರೀ" ಎಂದಳು.

"ಬಿಸಿಲು ಜಾಸ್ತಿ. ನಿಂಬೆಹಣ್ಣಿನ ಶರಬತ್ತು ಕುಡಿ. ಆ ದಾರ ಕೊಡು" ಎಂದೆ ನಾನು.

ಮೂರು ತಿಂಗಳು ತುಂಬಿದ ದಿನ ಮೂವರೂ ಡಾಕ್ಟರಮ್ಮನ ಬಳಿ ಹೋದೆವು. ದೀಪಾಳ ಫಲಿತಾಂಶ ಬಂತು. ಹನ್ನೊಂದೂವರೆ! ನಾನು ಕುರ್ಚಿಯಿಂದ ಎದ್ದೇ ನಿಂತೆ. ಸುಮಿತ್ರ ಕಣ್ಣು ಮುಚ್ಚಿ ಎರಡು ಸಲ ಕೈ ಮುಗಿದಳು. ಅಲ್ಲಿಗೆ ನಾನು ಬಾಯಿ ಮುಚ್ಚಿಕೊಂಡು ಮಗಳನ್ನು ಕರೆದುಕೊಂಡು ಬಂದಿದ್ದರೆ ಇದನ್ನು ಬರೆಯುವ ಪ್ರಸಂಗ ಬರುತ್ತಿರಲಿಲ್ಲ. ಆದರೆ ನಾನು ಭಾಷಣ ಶುರು ಮಾಡಿದೆ. ಸಾವಯವ ಸೊಪ್ಪು, ತಾರಸಿ ಕೃಷಿ, ಸ್ವಾವಲಂಬಿ ಕುಟುಂಬ, ಆರೋಗ್ಯವೇ ಭಾಗ್ಯ. ಮುನಿಯಮ್ಮನ ಹೆಸರು ಅದರಲ್ಲಿ ಎಲ್ಲಿಯೂ ಬರಲಿಲ್ಲ.

ಡಾಕ್ಟರಮ್ಮ ಕೇಳಿಸಿಕೊಳ್ಳುತ್ತಿದ್ದರು. ಕಣ್ಣು ಮಾತ್ರ ಸುಮಿತ್ರಳ ಮೇಲಿತ್ತು. ನನ್ನ ವಾಕ್ಯ ಮುಗಿಯುವ ಮೊದಲೇ, "ಬನ್ನಿ ಇಲ್ಲಿ" ಎಂದು ಅವಳನ್ನು ಹತ್ತಿರ ಕರೆದು ಕೆಳರೆಪ್ಪೆ ಎಳೆದು ನೋಡಿದರು. ಬೆರಳಿನ ಉಗುರು ನೋಡಿದರು.

"ಏನಮ್ಮ ಇದು, ಕಾಗದದ ಹಾಗೆ ಬೆಳ್ಳಗಿದೆ? ಏನು ಊಟ ಮಾಡ್ತೀರಿ? ಏನು ಕೆಲಸ ಮಾಡ್ತೀರಿ?"

ಉತ್ತರ ಹೇಳಿದವಳು ದೀಪಾ. ಹನ್ನೊಂದೂವರೆ ರಕ್ತದ ಹುರುಪು ಅವಳಲ್ಲಿತ್ತು.

"ಅಮ್ಮ ದಿನಾ ಹದಿನಾಲ್ಕು ಕೊಡ ನೀರು ಹೊರ್ತಾಳೆ ಆಂಟಿ. ಅಪ್ಪನ ಗಿಡಕ್ಕೆ. ಬಸ್ಸಾರು ಮಾಡಿದ್ರೆ ಪಲ್ಯ ಎಲ್ಲ ನಂಗೂ ಅಪ್ಪಂಗೂ ಹಾಕಿ, ಅವಳು ಬರೀ ಸಾರಲ್ಲಿ ಉಣ್ತಾಳೆ."

ಸುಮಿತ್ರಳ ರಕ್ತ ಏಳೂಮುಕ್ಕಾಲು. ಮಗಳಿಗೆ ಕಡಿಮೆ ಇದ್ದಾಗ ಇದ್ದದ್ದಕ್ಕಿಂತಲೂ ಕಡಿಮೆ. ಡಾಕ್ಟರಮ್ಮ ಕೋಪ ಮಾಡಿಕೊಳ್ಳಲಿಲ್ಲ. ಮಾಡಿಕೊಂಡಿದ್ದರೆ ಚೆನ್ನಾಗಿತ್ತು. ಸುಮ್ಮನೆ ಚೀಟಿ ಬರೆಯತೊಡಗಿದರು. ನನಗೆ ನಿಂತಲ್ಲೇ ಕುಗ್ಗಿಹೋಗುವಷ್ಟು ಸಂಕಟವಾಯಿತು. ಹೇಗಾದರೂ ಮಾಡಿ ನಾನೂ ಆ ಸಾಲಿಗೆ ಸೇರಬೇಕೆನ್ನಿಸಿ, "ನಂಗೂ ಈಚೆಗೆ ಸುಸ್ತು ಡಾಕ್ಟ್ರೇ, ನನ್ನದೂ ನೋಡ್ಬಿಡಿ" ಎಂದು ತೋಳು ಚಾಚಿದೆ. ನನ್ನದೂ ಕಡಿಮೆ ಬರಲಿ ಎಂದು ಮನಸ್ಸಿನಲ್ಲೇ ತಾರಸಿಯ ಅಷ್ಟೂ ದೇವರಿಗೆ ಬೇಡಿಕೊಂಡೆ.

ಹದಿನೈದು ಬಂತು.

"ನಿಮ್ದು ಫಸ್ಟ್ ಕ್ಲಾಸ್ ಇದೆ. ಚೆನ್ನಾಗಿ ನೋಡ್ಕೊಂಡಿದಾರೆ ನಿಮ್ಮನ್ನ" ಎಂದರು ಡಾಕ್ಟರಮ್ಮ.

ಮನೆಗೆ ನಡೆಯುವಾಗ ಮಾರ್ಕೆಟ್ಟಿನ ಹತ್ತಿರ ಬಸ್ಸುಗಳ ಗದ್ದಲ ದಾಟಿದೆವು. ಆಮೇಲೆ ಕೇಳಿದೆ, "ನಂಗೆ ಒಂದು ಮಾತು ಹೇಳ್ಬಾರ್ದಿತ್ತಾ?"

"ಹೇಳಿದ್ದೆ. ನೀವು ದಾರ ಕೇಳಿದ್ರಿ" ಎಂದಳು ಸುಮಿತ್ರ. ಅವಳ ದನಿಯಲ್ಲಿ ಸಿಟ್ಟೂ ಇರಲಿಲ್ಲ. ಸಿಟ್ಟು ಮಾಡಲೂ ಸ್ವಲ್ಪ ರಕ್ತ ಬೇಕಾಗುತ್ತದೆ.

ತೋಟವನ್ನು ಅಂದೇ ವಿಸರ್ಜಿಸಲು ತೀರ್ಮಾನಿಸಿದೆ. ಡಬ್ಬಗಳನ್ನು ಶರಣಪ್ಪ ಒಯ್ದ. ಕಲ್ಲಾದ ನಾಲ್ಕನ್ನು ಅವನ ಹೆಂಡತಿ ಒಲೆ ಹೂಡಲು ಇಟ್ಟುಕೊಂಡಳು. ಆದರೆ ಡ್ರಮ್ಮಿಗೆ ಕೈ ಹಾಕಿದ ತಕ್ಷಣ ಜಯಮ್ಮ ಅಡ್ಡ ನಿಂತರು. ಡ್ರಮ್ಮು ಅಲ್ಲಾಡಬಾರದು. ತುಳಸಿ ಒಣಗಬಾರದು. ಒಣಗಿದರೆ ಮನೆಗೆ ಕೇಡು. ಯಾರ ಮನೆಗೆ ಎಂದು ಕೇಳಿದೆ. "ನೆಟ್ಟವರ ಮನೆಗೆ" ಎಂದರು. ಎದೆಮಟ್ಟದ ತುಳಸಿಗೆ, ಹೂವು ಒದ್ದೆಯಾಗಿರಬೇಕಾದ ಡ್ರಮ್ಮಿಗೆ, ಡ್ರಮ್ಮಿನ ಸುತ್ತ ಜನ ತಂದು ನೆಟ್ಟ ಹೂವಿನ ಗಿಡಗಳಿಗೆ ಸೇರಿ ದಿನಕ್ಕೆ ಎಂಟು ಕೊಡ ನೀರು. ಮಾಡಿದ್ದುಣ್ಣೋ ಮಹರಾಯ.

ಮರುದಿನ ಬೆಳಿಗ್ಗೆ ಐದಕ್ಕೇ ಎದ್ದೆ. ಇನ್ನು ಮುಂದೆ ಈ ಮನೆಯಲ್ಲಿ ನೀರು ಹೊರುವುದು ನನ್ನ ಕೆಲಸ, ಪಲ್ಯ ತಿನ್ನುವುದು ಅವಳ ಕೆಲಸ ಎಂದು ಘೋಷಿಸಿದೆ. ಬರೆದು ಅಂಟಿಸಲಿಲ್ಲ, ಅಷ್ಟು ಬುದ್ಧಿ ಬಂದಿತ್ತು. ಸುಮಿತ್ರ ಹೊದ್ದುಕೊಂಡೇ "ಹೂಂ" ಎಂದಳು. ಪಂಪು ಹೊಡೆದು ಮೊದಲ ಕೊಡ ಹತ್ತಿಸಿದೆ. ಎರಡನೆಯದನ್ನೂ ಹತ್ತಿಸಿದೆ. ಕೆಲಸಕ್ಕೆ ಹೊರಟಿದ್ದ ಶರಣಪ್ಪ, ಬರಿಗಾಲಲ್ಲಿ ಒದ್ದೆ ಪಂಚೆಯಲ್ಲಿ ಕೊಡ ಹೊತ್ತ ನನ್ನನ್ನು ಕಂಡು ಚೀಲ ಕೆಳಗಿಟ್ಟು ಕೈ ಮುಗಿದ. "ಯಾವ ದೇವ್ರ ಹರಕಿರಿ ಸಾಹೇಬ್ರ?" ಎಂದ. ದೇವರು ಇನ್ನೂ ಮಲಗಿದ್ದಾಳೆ ಎಂದು ಹೇಳಬೇಕೆನ್ನಿಸಿತು, ಆದರೆ ಮೂರನೆಯ ಕೊಡ ಹೆಗಲ ಮೇಲಿತ್ತು.

ಆ ಕೊಡದೊಂದಿಗೆ ಮೊದಲ ಮಹಡಿಯ ತಿರುವಿನಲ್ಲಿ ಕೂತುಬಿಟ್ಟೆ. ಅರ್ಧ ನೀರು ಮೆಟ್ಟಿಲ ಮೇಲೆ ಹರಿದು ಹೋಯಿತು. ಸದ್ದು ಕೇಳಿ ಸುಮಿತ್ರ ಬಾಗಿಲು ತೆರೆದಳು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದು ಕೊಡದ ಕಂಠಕ್ಕೆ ಕೈ ಹಾಕಿದಳು.

"ಬಿಡಿ, ನಾನು ಹಾಕ್ತೀನಿ. ನಿಮ್ಗೆ ಬಸ್ಸಿಗೆ ಹೊತ್ತಾಗತ್ತೆ."

ಬೇಡ, ನೀನು ಮುಟ್ಟಬೇಡ, ಹೋಗಿ ಮಲಗು ಎಂದು ಗಟ್ಟಿಯಾಗಿ ಹೇಳಲು ಬಾಯಿ ತೆರೆದೆ. ಹದಿನೈದು ರಕ್ತವಿತ್ತು. ಉಸಿರು ಇರಲಿಲ್ಲ.